ಟೋನಿ ಅಯೋಮಿಯವರ ನಾದ ಮತ್ತು 15 ವ್ಯಾಟ್‌ನ ಆಂಪ್ಲಿಫೈಯರ್
ನಮಸ್ಕಾರ. ದಾವಣಗೆರೆಯ ಪಿ.ಜೆ. ಬಡಾವಣೆಯ ಕೋಣೆಯಲ್ಲಿ, 15 ವ್ಯಾಟ್‌ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಿಂದ, ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿಯವರ ದಟ್ಟ ನಾದವನ್ನು ಪಡೆಯಲು ಯಾವ ಡಿಸ್ಟಾರ್ಷನ್ ಪೆಡಲ್ (ನಾದವನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಉಪಕರಣ) ಕೊಳ್ಳಬೇಕೆಂದು ಕೇಳಿದ್ದೀರಿ.

ಆರಂಭದ ವರ್ಷಗಳಲ್ಲಿ ಆ ನಾದದ ಮೂಲ ಡಿಸ್ಟಾರ್ಷನ್ ಪೆಡಲ್ ಆಗಿರಲಿಲ್ಲ. ಗಿಬ್ಸನ್ ಎಸ್‌ಜಿ ಗಿಟಾರಿನಿಂದ ಹೊರಟ ಸಂಕೇತವನ್ನು ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಟ್ರೆಬಲ್ ಬೂಸ್ಟರ್ (ತಾರದ ಅಂಶವನ್ನು ಹಿಗ್ಗಿಸುವ ಉಪಕರಣ) ಹಿಗ್ಗಿಸಿ, ಟ್ರಾನ್ಸಿಸ್ಟರ್ ಬದಲು ಗಾಜಿನ ನಿರ್ವಾತ ಕೊಳವೆಗಳಿಂದ, ಅಂದರೆ ವಾಲ್ವ್‌ಗಳಿಂದ, ನಡೆಯುವ ಲೇನಿ ಕಂಪನಿಯ ಆಂಪ್ಲಿಫೈಯರ್‌ಗೆ ನೂಕುತ್ತಿತ್ತು. ಅಷ್ಟು ಪ್ರಬಲವಾದ ಸಂಕೇತವನ್ನು ತಾಳಲಾರದೆ ವಾಲ್ವ್‌ಗಳೇ ಅದನ್ನು ಒರಟಾಗಿಸುತ್ತಿದ್ದವು. ಬೂಸ್ಟರ್ ಮಂದ್ರದ ಅಂಶಕ್ಕೆ ಒತ್ತು ಕೊಡದೆ ಮೇಲಿನದನ್ನಷ್ಟೇ ಎತ್ತುತ್ತಿದ್ದುದರಿಂದ, ಎಷ್ಟೇ ಒರಟಾದರೂ ನಾದ ಕಲಸುಮೇಲೋಗರವಾಗುತ್ತಿರಲಿಲ್ಲ.

ನಿಮ್ಮ ಆಂಪ್ಲಿಫೈಯರ್‌ನಲ್ಲಿ ವಾಲ್ವ್‌ಗಳಿಲ್ಲದ ಕಾರಣ ಬೂಸ್ಟರ್ ಒಂದರಿಂದ ಕರ್ಕಶತೆಯಷ್ಟೇ ಸಿಕ್ಕೀತು. ಡಿಸ್ಟಾರ್ಷನ್‌ಗಿಂತ ಮೆದುವಾಗಿ ಒರಟಾಗಿಸುವ ಸಾಧಾರಣ ಓವರ್‌ಡ್ರೈವ್ ಪೆಡಲ್ ಕೊಂಡು, ಅದರ ಗೇನ್ (ಒರಟುತನದ ಪ್ರಮಾಣ) ಅನ್ನು ಅರ್ಧಕ್ಕಿಂತ ಸ್ವಲ್ಪ ಮೇಲಿಟ್ಟು, ಆಂಪ್ಲಿಫೈಯರ್‌ನಲ್ಲಿ ಬೇಸ್ (ಮಂದ್ರ) ತಗ್ಗಿಸಿ, ಮಿಡ್ (ಮಧ್ಯಮ) ಏರಿಸಿ ನೋಡಿ. ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿರುವ ಹಳೆಯ ಮಾದರಿಯ ಬೂಸ್ಟರ್‌ಗೆ ಆಸೆಪಡಬೇಡಿ: ಆ ಟ್ರಾನ್ಸಿಸ್ಟರ್‌ಗಳ ವರ್ತನೆ ಶಾಖಕ್ಕೆ ಬದಲಾಗುತ್ತದೆ, ನಮ್ಮೂರಿನ ಏಪ್ರಿಲ್ ಅಂತೂ ಅವುಗಳಿಗೆ ಹೇಳಿದ ಕಾಲವಲ್ಲ.

ಇನ್ನು ತಂತಿಗಳು. ಕಾರ್ಖಾನೆಯ ಅವಘಡದಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ ಅಯೋಮಿ, ಎಡಗೈಯಲ್ಲಿ ಮೀಟುವವರಾದ್ದರಿಂದ, ಗಾಯಗೊಂಡ ಬೆರಳುಗಳಿಂದಲೇ ತಂತಿ ಒತ್ತಬೇಕಾಗಿತ್ತು. ಆದ್ದರಿಂದ ತೆಳುವಾದ ತಂತಿಗಳನ್ನು ಬಳಸಿದರು, 1971ರ ವೇಳೆಗೆ ಹಲವು ಹಾಡುಗಳಿಗೆ ಶ್ರುತಿಯನ್ನು ಮೂರು ಅರ್ಧಸ್ವರ ಇಳಿಸಿ ಸಿ ಶಾರ್ಪ್‌ಗೆ ತಂದರು. ಬೆರಳುಗಳು ನೆಟ್ಟಗಿರುವ ನೀವು ಅಷ್ಟು ಇಳಿಸುವುದಾದರೆ 11ರ ತಂತಿಗಳನ್ನೇ (ಅತಿ ತೆಳುವಾದ ತಂತಿ 0.011 ಅಂಗುಲ ದಪ್ಪವಿರುವ ಸೆಟ್) ಹಾಕಿ, ಇನ್ನೂ ತೆಳುವಾದ ತಂತಿಗಳಾದರೆ ಸಡಿಲಗೊಂಡು ಪಟಪಟಿಸುತ್ತವೆ.