ಪದವಿನ ಮೇಲೆ ಮಣ್ಣು ಹಾಕಿಸಬೇಡಿ

ಬಂಟ್ವಾಳ ಕಡೆಯ ಓದುಗರೊಬ್ಬರು ಹುಮ್ಮಸ್ಸಿನಿಂದ ಪತ್ರ ಬರೆದಿದ್ದಾರೆ. ಅವರೂರಿನ ಪದವಿನಲ್ಲಿ, ಅಂದರೆ ಮುರಕಲ್ಲಿನ (ಕೆಂಪುಕಲ್ಲಿನ) ಬಯಲಿನಲ್ಲಿ, ಮಳೆಗಾಲಕ್ಕೆ 'ಬರೀ ಹುಲ್ಲು, ಕೆಸರು', ಬೇಸಿಗೆಗೆ 'ಬರೀ ಕಲ್ಲು'. ಯುವಕ ಮಂಡಲದವರು ಲಾರಿಯಲ್ಲಿ ಮಣ್ಣು, ಗೊಬ್ಬರ ತರಿಸಿ, ದನ ನುಗ್ಗದಂತೆ ಬೇಲಿ ಹಾಕಿ, ವನಮಹೋತ್ಸವಕ್ಕೆ ಗಿಡ ನೆಡುತ್ತಾರಂತೆ. ಪತ್ರಿಕೆ ಬೆನ್ನು ತಟ್ಟಬೇಕಂತೆ.

ನಿಮ್ಮ ವಯಸ್ಸಿನವರು ಹಾರೆ ಹಿಡಿಯುವುದೇ ದೊಡ್ಡದು. ಮರ ಬೇಕು, ನೆರಳು ಬೇಕು, ಒಪ್ಪಿದೆ. ಆದರೆ ಬೆನ್ನು ತಟ್ಟಲಾರೆ.

ಆ 'ಹುಲ್ಲು, ಕೆಸರ'ನ್ನು ಆಗಸ್ಟಿನಲ್ಲಿ ಮೊಣಕಾಲೂರಿ ನೋಡಿದ್ದೀರಾ? ಮುರಕಲ್ಲಿನ ಮೇಲೆ ಮಣ್ಣು ಇರುವುದೇ ತೆಳ್ಳಗೆ. ಕೆಳಗೆ ಗಟ್ಟಿ ಕಲ್ಲು, ಹಾಗಾಗಿ ತಗ್ಗಿನಲ್ಲೆಲ್ಲ ನೀರು ನಿಲ್ಲುತ್ತದೆ. ಮಣ್ಣಿನಲ್ಲಿ ಸಾರಜನಕ ಕಡಿಮೆ. ಇರುವ ರಂಜಕವನ್ನೂ ಕಬ್ಬಿಣ ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡ ಗಿಡಗಳಿಗೆ ಇಲ್ಲಿ ಬಾಳಲು ಕಷ್ಟ. ಅದಕ್ಕೇ ಸಣ್ಣವಕ್ಕೆ ಜಾಗ ಸಿಕ್ಕಿದೆ. ಗುಂಡುಸೂಜಿ ತಲೆಯಂಥ ಬಿಳಿ ಹೂವಿನ ಎರಿಯೋಕಾಲನ್, ನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ಎಲೆಯ ತುಂಬ ಅಂಟು ಹನಿ ಹೊತ್ತ ಡ್ರೋಸೆರಾ. ಕೊನೆಯವೆರಡೂ ಕೀಟಾಹಾರಿಗಳು. ಮಣ್ಣು ಕೊಡದ ಸಾರಜನಕವನ್ನು ಹುಳದಿಂದ ಪಡೆಯುತ್ತವೆ. ನಮ್ಮ ಮಕ್ಕಳು ಮೇಘಾಲಯದ ಹೂಜಿ ಗಿಡದ ಚಿತ್ರ ಬರೆದು ಅಂಕ ತೆಗೆದುಕೊಳ್ಳುತ್ತಾರೆ, ಊರಿನ ಡ್ರೋಸೆರಾವನ್ನು ತುಳಿದುಕೊಂಡು ಶಾಲೆಗೆ ಹೋಗುತ್ತಾರೆ.

ನೀರು ಎಷ್ಟು ಆಳ, ಎಷ್ಟು ವಾರ ನಿಲ್ಲುತ್ತದೆ ಎನ್ನುವುದರ ಮೇಲೆ ಗಿಡದ ಜಾತಿ ಬದಲಾಗುತ್ತದೆ. ತಗ್ಗಿನಲ್ಲಿ ಒಂದು, ಅದರ ಅಂಚಿನಲ್ಲಿ ಇನ್ನೊಂದು. ಕಣ್ಣೂರು ಜಿಲ್ಲೆಯ ಮಾಡಾಯಿಪ್ಪಾರ ನಿಮ್ಮ ಪದವಿನಂಥದ್ದೇ. ಅಲ್ಲಿನ ಒಂದು ಎರಿಯೋಕಾಲನ್‌ಗೆ ಆ ಜಾಗದ ಹೆಸರನ್ನೇ ಇಟ್ಟಿದ್ದಾರೆ. ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಕೂಡ ಕೆಂಪುಕಲ್ಲಿನ ಬಯಲೇ. 2012ರಲ್ಲಿ ಪಶ್ಚಿಮ ಘಟ್ಟದ ಭಾಗವಾಗಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿಗೆ ಟಿಕೆಟ್ ತೆಗೆದುಕೊಂಡು ಹೂ ನೋಡಲು ಹೋಗುತ್ತೇವೆ. ನಮ್ಮಲ್ಲಿ ಅಂಥದ್ದೇ ಜಾಗಕ್ಕೆ ಕಸದ ಲಾರಿ ಕಳಿಸುತ್ತೇವೆ.

ಇನ್ನು ಗೊಬ್ಬರದ ಮಾತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಜಾನ್ ಲಾಸ್ 1856ರಲ್ಲಿ ಹುಲ್ಲುಗಾವಲೊಂದನ್ನು ತುಂಡು ತುಂಡು ಮಾಡಿ ಬೇರೆ ಬೇರೆ ಗೊಬ್ಬರ ಹಾಕಿಸಿದ. ಈತ ಸೂಪರ್ ಫಾಸ್ಫೇಟಿಗೆ ಪೇಟೆಂಟ್ ಪಡೆದು ದುಡ್ಡು ಮಾಡಿದವನು. ಅವನಿಗೆ ಬೇಕಿದ್ದದ್ದು ಜಾಸ್ತಿ ಹುಲ್ಲು. ಹುಲ್ಲೇನೋ ಬಂತು. ಆದರೆ ಗೊಬ್ಬರ ಕಾಣದ ತುಂಡಿನಲ್ಲಿ ಇವತ್ತಿಗೂ 40ರ ಆಸುಪಾಸು ಜಾತಿಗಳಿವೆ. ಅಮೋನಿಯಂ ಸಲ್ಫೇಟ್ ಎಂಬ ಸಾರಜನಕದ ಗೊಬ್ಬರ ಸುರಿದು, ಮಣ್ಣಿನ ಹುಳಿ ತಗ್ಗಿಸುವ ಸುಣ್ಣ ಹಾಕದ ತುಂಡಿನಲ್ಲಿ ಎರಡೋ ಮೂರೋ. ಅದು ನಮ್ಮ ಪದವಿನಂಥ ಜಾಗವಲ್ಲ, ಮಣ್ಣು ಹುಳಿಯಾದದ್ದೂ ಒಂದು ಕಾರಣ, ನಿಜ. ಆದರೂ ಉಂಡು ಕೊಬ್ಬಿದ ಹುಲ್ಲು ಉಳಿದವಕ್ಕೆ ಬೆಳಕು ಬಿಡುವುದಿಲ್ಲ ಎನ್ನುವುದು ಎಲ್ಲ ಕಡೆ ಒಂದೇ.

ಬೇಲಿ ಹಾಕುವ ಮುಂಚೆ ರಾಜಸ್ಥಾನದ ಭರತಪುರದ ಕಥೆ ಕೇಳಿ. 1982ರಲ್ಲಿ ಅಲ್ಲಿನ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ, ಹಕ್ಕಿಗಳ ಕೆರೆಗಳಿರುವ ಜಾಗದಲ್ಲಿ, ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಗಲಾಟೆಯಾಗಿ ಗೋಲಿಬಾರಿನಲ್ಲಿ ಜನ ಸತ್ತರು. ಆಮೇಲೆ ಆದದ್ದೇನು? ಪಾಸ್ಪಲಮ್ ಎಂಬ ಹುಲ್ಲು ಕೆರೆಯನ್ನೇ ಮುಚ್ಚತೊಡಗಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವರ್ಷಗಟ್ಟಲೆ ಅಧ್ಯಯನ ಮಾಡಿ, ಎಮ್ಮೆ ಇದ್ದರೇ ಒಳ್ಳೆಯದಿತ್ತು ಎಂದರು. ಎಮ್ಮೆ ಕಾಯುವವರು ಅದನ್ನು ಪುಕ್ಕಟೆಯಾಗಿ ಹೇಳುತ್ತಿದ್ದರು, ಕೇಳುವವರು ಬೇಕಿತ್ತು ಅಷ್ಟೆ.

ನಿಮ್ಮೊಬ್ಬರ ಮೇಲೆ ಸಿಟ್ಟಲ್ಲ. ಮರವಿಲ್ಲದ ಜಾಗ ಕಂಡರೆ ನಮ್ಮ ಅಧಿಕಾರಿಗಳಿಗೆ ಕೈ ತುರಿಸುತ್ತದೆ. ಕರಾವಳಿಯ ಎಷ್ಟು ಪದವುಗಳ ಮೇಲೆ ಅಕೇಶಿಯಾ ನಿಂತಿದೆ ಎಣಿಸಿ ನೋಡಿ. 1950ರಲ್ಲಿ ಕೇಂದ್ರ ಕೃಷಿ ಸಚಿವರಾಗಿದ್ದ ಕೆ.ಎಂ. ಮುನ್ಶಿಯವರು ವನಮಹೋತ್ಸವ ಶುರು ಮಾಡಿದಾಗ ಉದ್ದೇಶ ಚೆನ್ನಾಗಿಯೇ ಇತ್ತು. ಈಗ ಅದು ಜುಲೈ ತಿಂಗಳ ಫೋಟೊ. ಪತ್ರಿಕೆಗಳಿಗೂ ಅದೇ ಬೇಕು. ಕೆಸರಿನ ಫೋಟೊ ಯಾರು ಹಾಕುತ್ತಾರೆ?

ಸಸಿ ಆಗಲೇ ತಂದಿದ್ದರೆ ಸುಮ್ನೆ ಒಣಗಿಸಬೇಡಿ. ಹೆದ್ದಾರಿ ಅಗಲ ಮಾಡುವಾಗ ಸಾಲುಮರಗಳು ಹೋದವಲ್ಲ, ಆ ಬದಿಗೆ ನೆಡಿ. ಲಾರಿಯವನಿಗೆ ಕೊಟ್ಟ ಮುಂಗಡ ವಾಪಸ್ ಕೇಳಿ. ಕೊಡದಿದ್ದರೆ ಆ ಮಣ್ಣನ್ನು ಸಸಿಯ ಬುಡಕ್ಕೇ ಹಾಕಿಸಿ.