ಏವಿಯರಿ (ಹಕ್ಕಿ ಸಾಕೋ ದೊಡ್ಡ ಜಾಲರಿ ಗೂಡು) ಹಕ್ಕಿಗಳನ್ನ ಅಕ್ಕಪಕ್ಕದ ಬೆಕ್ಕುಗಳಿಂದ ಕಾಪಾಡೋದು ಹೇಗೆ?

ಬೆಕ್ಕು ಒಳಗೆ ನುಗ್ಗಲೇಬೇಕು ಅಂತಿಲ್ಲ, ರಾತ್ರಿ ಜಾಲರಿ ಮೇಲೆ ಹತ್ತಿ ಕೂತ್ರೂ ಸಾಕು, ಹಕ್ಕಿಗಳು ಗಾಬರಿಬಿದ್ದು ಕತ್ತಲಲ್ಲಿ ಎಲ್ಲೆಂದರಲ್ಲಿ ಹಾರಿ ಬಡ್ಕೊಂಡು ಕತ್ತು ಮುರ್ಕೊಳ್ತವೆ. ಅದಕ್ಕೇ ಒಂದು ಪದರ ಸಾಲಲ್ಲ, ಫ್ರೇಮಿನ ಒಳಗೊಂದು ಹೊರಗೊಂದು ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿ ಜಾಲರಿ) ಹೊಡೆದು ನಡುವೆ ಒಂದೆರಡು ಇಂಚು ಗ್ಯಾಪ್ ಬಿಡಿ, ಆಗ ಜಾಲರಿ ಹಿಡ್ಕೊಂಡು ಕೂತ ಹಕ್ಕಿಯ ಕಾಲಿಗೆ ಬೆಕ್ಕಿನ ಉಗುರು ಎಟುಕಲ್ಲ. ಪ್ಲಾಸ್ಟಿಕ್ ಬಲೆ ಮಾತ್ರ ಬೇಡ್ವೇ ಬೇಡ. ಚಾವಣಿಯ ಅರ್ಧಕ್ಕಾದ್ರೂ ಶೀಟ್ ಹಾಕಿ, ಮಲಗೋ ಕೋಲು ಅದರ ಕೆಳಗೆ, ಜಾಲರಿಯಿಂದ ದೂರ ಇರ್ಲಿ.

ಹಾಂ, ಬೆಕ್ಕಿನ ಹಲ್ಲು ತಾಗಿದ ಹಕ್ಕಿ ಮೇಲ್ನೋಟಕ್ಕೆ ಆರಾಮಾಗೇ ಕಂಡ್ರೂ ತಕ್ಷಣ ವೆಟ್ ಹತ್ರ ತಗೊಂಡ್ಹೋಗಿ, ಬೆಕ್ಕಿನ ಬಾಯಲ್ಲಿರೋ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ್ರೆ ಒಂದೆರಡು ದಿನದಲ್ಲೇ ಸತ್ತುಹೋಗ್ಬಹುದು, ಆಂಟಿಬಯಾಟಿಕ್ ಅವತ್ತೇ ಶುರು ಆಗ್ಬೇಕು.