ಡ್ರಾಯಿಂಗ್ ಕ್ಲಾಸ್ ಬಿಡಿಸಿದರೆ ಮಾರ್ಕ್ಸ್ ಬರುತ್ತಾ?

ಮಗಳು ಆರನೇ ಕ್ಲಾಸು, ಸದಾ ಚಿತ್ರ ಬರೆಯುತ್ತಾಳೆ, ಕತೆ ಕಟ್ಟುತ್ತಾಳೆ, ಮಾರ್ಕ್ಸ್ ಮಾತ್ರ 50 ದಾಟಲ್ಲ, ಡ್ರಾಯಿಂಗ್ ಕ್ಲಾಸ್ ಬಿಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಿಸಬೇಡಿ. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ವಿಜ್ಞಾನದ ಟೀಚರ್. ನಿಮ್ಮ ಮಗಳಂಥವಳೇ ಒಬ್ಬಳು ನನ್ನ ಕ್ಲಾಸಿನಲ್ಲಿದ್ದಳು.

ಏಳನೇ ಕ್ಲಾಸು. ರೇಷ್ಮೆ ಹುಳುವಿನ ಜೀವನಚಕ್ರ ಬರೆಯಿರಿ ಅಂತ ಟೆಸ್ಟಿನಲ್ಲಿ ಕೊಟ್ಟಿದ್ದೆ. ಅವಳು ಖಾಲಿ ಬಿಟ್ಟಿದ್ದಳು. ಅವರ ಮನೆಯಲ್ಲೇ ಹುಳು ಮೇಯಿಸುತ್ತಾರೆ! ಯಾಕಮ್ಮಾ ಅಂದರೆ, "ಬುಕ್ಕಲ್ಲಿರೋ ಹಂಗೆ ಬರಲ್ಲ ಮಿಸ್" ಅಂದಳು. ಸರಿ, ಮನೇಲಿ ನೋಡಿದ್ದನ್ನೇ ಬರ್ಕೊಂಡು ಬಾ ಅಂದೆ.

ಎರಡು ದಿನ ಬಿಟ್ಟು ನೋಟ್‌ಬುಕ್ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ ತಂದಳು. ಸಾಸಿವೆಗಿಂತ ಸಣ್ಣ ಮೊಟ್ಟೆ. ಕೂದಲೆಳೆಯಂಥ ಕಪ್ಪು ಮರಿ. ಆಮೇಲೆ ನಾಲ್ಕು ಜ್ವರ (ಹುಳು ಪೊರೆ ಬಿಡುವುದಕ್ಕೆ ರೇಷ್ಮೆ ಬೆಳೆಯುವವರು ಹೀಗನ್ನುತ್ತಾರೆ), ಪ್ರತಿ ಜ್ವರಕ್ಕೂ ಹುಳು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಸುಮ್ನೆ ಕೂತಿರುವ ಚಿತ್ರ. ಗೂಡು ಕಟ್ಟಲು ಹಣ್ಣಾದ ಹುಳು, ಅದನ್ನು ಬಿಡುವ ಚಂದ್ರಿಕೆ ಎಂಬ ತಟ್ಟೆ, ಗೂಡು. ಒಂದೂ ತಪ್ಪಿಲ್ಲ. ನಾನು ಮಾಡಿದ್ದು ಇಷ್ಟೇ, 'ಜ್ವರ' ಅನ್ನುವ ಕಡೆ 'ಪೊರೆ ಬಿಡುವುದು' ಅಂತ ಪಕ್ಕದಲ್ಲಿ ಬರೆಸಿದೆ. ಮುಂದಿನ ಟೆಸ್ಟಿನಲ್ಲಿ ಅದೇ ಪ್ರಶ್ನೆಗೆ ಒಂದೂವರೆ ಪುಟ ಬರೆದಳು. ಓದುತ್ತಾ ನನಗೆ ಕಣ್ಣು ತುಂಬಿತು. ಗೊತ್ತಿದ್ದ ಮಗುವಿಗೇ ಸೊನ್ನೆ ಹಾಕಿದ್ದೆನಲ್ಲಾ ಅಂತ.

ಸೃಜನಶೀಲ ಮಕ್ಕಳು ಓದಿನಲ್ಲಿ ಹಿಂದೆ ಅನ್ನುವ ಮಾತು ನಿಜ ಅಲ್ಲ. 2017ರಲ್ಲಿ ಗಾಯ್ದಾ, ಕಾರ್ವೋವ್‌ಸ್ಕಿ, ಬೆಘೆಟೊ ಎಂಬ ಮೂವರು ಸಂಶೋಧಕರು 120 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು, ಸುಮಾರು 52 ಸಾವಿರ ಜನರ ಲೆಕ್ಕ. ಸೃಜನಶೀಲತೆಗೂ ಓದಿನ ಸಾಧನೆಗೂ ಇರುವ ನಂಟು 0.22 ಬಂತು. ಸೊನ್ನೆ ಅಂದರೆ ನಂಟೇ ಇಲ್ಲ, 1 ಅಂದರೆ ಎರಡೂ ಪೂರ್ತಿ ಜೊತೆಯಾಗಿ ಹೋಗುತ್ತವೆ. ಹಾಗಾಗಿ ಇದು ಸಣ್ಣ ನಂಟು, ಆದರೆ ಒಂದು ಏರಿದರೆ ಇನ್ನೊಂದು ಇಳಿಯುವ ನಂಟಂತೂ ಅಲ್ಲ. ಸಣ್ಣದಾಗಿರುವುದೂ ಸಹಜ ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞ ಟಾರೆನ್ಸ್ ಅವರ ಸೃಜನಶೀಲತೆ ಪರೀಕ್ಷೆಯಲ್ಲಿ ರಟ್ಟಿನ ಪೆಟ್ಟಿಗೆಯಿಂದ ಏನೇನು ಮಾಡಬಹುದು ಹೇಳಿ ಅಂತ ಕೇಳುತ್ತಾರೆ. ಎಷ್ಟು ಉತ್ತರ ಹೊಳೆದರೆ ಅಷ್ಟು ಒಳ್ಳೆಯದು. ನಮ್ಮ ಟೆಸ್ಟುಗಳಲ್ಲಿ ಜಾಸ್ತಿ ಪ್ರಶ್ನೆಗಳಿಗೆ ಒಂದೇ ಉತ್ತರ.

ಚಿತ್ರ ಬರೆದರೆ ಎಲ್ಲ ವಿಷಯವೂ ತಾನಾಗೇ ಬರುತ್ತೆ ಅಂತ ಹೇಳುತ್ತಿಲ್ಲ. ಆ ಹುಡುಗಿಗೆ ಭಿನ್ನರಾಶಿ ಲೆಕ್ಕ ಬರುತ್ತಿರಲಿಲ್ಲ. ಅದಕ್ಕೆ ಬೇರೆಯೇ ಕೂತು ಮಗ್ಗಿಯಿಂದ ಶುರು ಮಾಡಬೇಕಾಯಿತು.

ಮಗಳ ಹೋದ ಟೆಸ್ಟಿನ ಪೇಪರ್ ಇಟ್ಟುಕೊಂಡು ಕೂರಿ. ತಪ್ಪು ಬರೆದದ್ದನ್ನು ಬಿಟ್ಟು, ಖಾಲಿ ಬಿಟ್ಟ ಪ್ರಶ್ನೆಗಳನ್ನು ಮೊದಲು ಬಾಯಲ್ಲಿ ಕೇಳಿ. ಹೇಳಲು ಬಂದರೆ, ಅವಳು ಹೇಳಿದ ಮಾತಲ್ಲೇ ಬರೆಸಿ. ಬರದಿದ್ದರೆ ಆ ಪಾಠವನ್ನು ಅವಳ ಟೀಚರ್ ಹತ್ತಿರ ಇನ್ನೊಮ್ಮೆ ಹೇಳಿಸಿ.